ನೋ ಡಿಸ್‌ಪ್ಲೇ ಅಂದ ಮಾತ್ರಕ್ಕೆ ಬೋರ್ಡ್ ಹೋಗಿರೋದಿಲ್ಲ

ಮೊನ್ನೆ ಬೆಂಚಿಗೆ ಬಂದ ಕ್ಯಾಬಿನೆಟ್ ಮೇಲೆ ಚೀಟಿ ಅಂಟಿತ್ತು: 'ನೋ ಡಿಸ್‌ಪ್ಲೇ, ಬೋರ್ಡ್ ಡೆಡ್'. ಆರ್‌ಎಂಎಗೆ, ಅಂದರೆ ವಾರಂಟಿಯಲ್ಲಿ ಕಂಪನಿಗೆ ವಾಪಸ್ ಹೊರಟಿದ್ದ ಆ ಮದರ್‌ಬೋರ್ಡ್‌ಗೆ ಏನೂ ಆಗಿರಲಿಲ್ಲ. ಎಎಂಡಿ ಪ್ರೊಸೆಸರ್‌ನ ಎಎಂ5 ಸಾಕೆಟ್ ಇರುವ ಬೋರ್ಡ್, ಹೊಸದಾಗಿ ಕೂರಿಸಿದ ಎರಡು ಡಿಡಿಆರ್5 ರ್‍ಯಾಮ್ ಸ್ಟಿಕ್. ಇಂಥ ಮಷೀನು ಮೊದಲ ಸಲ ಆನ್ ಆದಾಗ ಮೆಮೊರಿ ಟ್ರೈನಿಂಗ್ ನಡೆಯುತ್ತದೆ, ಅಂದರೆ ಮಷೀನು ಆ ರ್‍ಯಾಮ್‌ಗೆ ಹೊಂದುವ ಟೈಮಿಂಗ್ ಹುಡುಕಿಕೊಳ್ಳುತ್ತದೆ. ಅಷ್ಟು ಹೊತ್ತೂ ಫ್ಯಾನ್ ತಿರುಗುತ್ತದೆ, ಡ್ರ್ಯಾಮ್ ಎಲ್‌ಇಡಿ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಕೆಲವು ಒಂದೆರಡು ನಿಮಿಷದಲ್ಲಿ ಮುಗಿಸುತ್ತವೆ. ರ್‍ಯಾಮ್ ಜಾಸ್ತಿ ಇದ್ದು ಬಯಾಸ್ (ಮಷೀನನ್ನು ಶುರು ಮಾಡುವ ಬೋರ್ಡಿನೊಳಗಿನ ಸಾಫ್ಟ್‌ವೇರ್) ಹಳೆಯದಾದರೆ ಹತ್ತು ನಿಮಿಷವೂ ಹಿಡಿಯಬಹುದು.

ಸೈಟಿಗೆ ಹೋದವರು ಒಂದು ನಿಮಿಷ ನೋಡಿ ಪವರ್ ಬಟನ್ ಒತ್ತಿ ಹಿಡಿದಿದ್ದಾರೆ. ಮತ್ತೆ ಆನ್, ಮತ್ತೆ ಆಫ್. ಪ್ರತಿ ಸಲವೂ ಟ್ರೈನಿಂಗ್ ಮೊದಲಿನಿಂದ ಶುರು. ಕೊನೆಗೆ ಬಯಾಸ್ ಸೆಟಿಂಗ್ ಉಳಿಸುವ ಸಿಮೋಸ್ ಸೆಲ್ಲನ್ನೂ ಕಿತ್ತು ಹಾಕಿದ್ದಾರೆ, ಅಲ್ಲಿಗೆ ಮತ್ತೊಂದು ಸುತ್ತು. ಗಿರಾಕಿ ಕೈಕಟ್ಟಿ ಪಕ್ಕದಲ್ಲೇ ನಿಂತಿರುವಾಗ ಕಪ್ಪು ಪರದೆ ನೋಡುತ್ತ ಕೂರುವುದು ಕಷ್ಟವೇ. ಅದಕ್ಕೇ ಆನ್ ಮಾಡುವ ಮೊದಲೇ ಹೇಳಿಬಿಡಬೇಕು: 'ಸಾರ್, ಹದಿನೈದು ನಿಮಿಷ ಇದನ್ನ ಯಾರೂ ಮುಟ್ಟಬಾರದು.' ಅರ್ಧ ಗಂಟೆಗೆ ಕಾಲ್ ಕ್ಲೋಸ್ ಆಗಬೇಕು ಅನ್ನೋ ಟಾರ್ಗೆಟ್ ಇಟ್ಟವರಿಗೂ ಯಾರಾದರೂ ಇದನ್ನು ಹೇಳಿದರೆ ಒಳ್ಳೆಯದು.

ಯಾವ ಮಷೀನೇ ಇರಲಿ, ಸ್ಕ್ರೂಡ್ರೈವರ್ ತೆಗೆಯುವ ಮೊದಲು ನಮ್ ಲಾಕ್ ಒತ್ತಿ ನೋಡಿ. ಕೀಬೋರ್ಡಿನ ದೀಪ ಹತ್ತಿ ಆರುತ್ತಿದ್ದರೆ ಪೋಸ್ಟ್ (ಆನ್ ಆದಾಗ ಮಷೀನು ಮಾಡಿಕೊಳ್ಳುವ ಸ್ವಂತ ತಪಾಸಣೆ) ದಾಟಿದೆ ಅಂತಲೇ ಹಿಡಿಯಬಹುದು. ತೊಂದರೆ ಕೇಬಲ್, ಮಾನಿಟರ್ ಇನ್‌ಪುಟ್, ಗ್ರಾಫಿಕ್ಸ್ ಕಡೆ. ಐ5-12400ಎಫ್ ಥರ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ರೈಜೆನ್ 5 5600ರಲ್ಲೂ ಇಲ್ಲ. ಅಲ್ಲಿ ಬೋರ್ಡಿನ ಎಚ್‌ಡಿಎಂಐಗೆ ಕೇಬಲ್ ಸಿಕ್ಕಿಸಿದರೆ ಜನ್ಮದಲ್ಲಿ ಡಿಸ್‌ಪ್ಲೇ ಬರೋದಿಲ್ಲ, ಕಾರ್ಡಿಗೇ ಹಾಕಬೇಕು. ಡೆಸ್ಕ್ ಒರೆಸಿ ಕೇಬಲ್ ಬದಲಿಸಿ ಚುಚ್ಚಿದ ಮರುದಿನ ಬರುವ ಕಾಲ್‌ಗಳು ಹೆಚ್ಚಾಗಿ ಇವೇ.

ದೀಪ ಹತ್ತದಿದ್ದರೆ ರ್‍ಯಾಮ್. ಮೊದಲು ಸ್ವಿಚ್ ಆಫ್ ಮಾಡಿ ಪವರ್ ಕಾರ್ಡ್ ಕೀಳಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ಚಾರ್ಜ್ ಇಳಿಸಿ. ಎಲ್ಲ ಸ್ಟಿಕ್ ತೆಗೆದು ಒಂದನ್ನು ಮಾತ್ರ, ಪ್ರೊಸೆಸರ್‌ನಿಂದ ಎರಡನೇ ಸ್ಲಾಟಿಗೆ ಹಾಕಿ. ನಾಲ್ಕು ಸ್ಲಾಟಿನ ಬಹುತೇಕ ಬೋರ್ಡ್‌ಗಳಲ್ಲಿ ಒಂದೇ ಸ್ಟಿಕ್‌ಗೆ ಹೇಳಿರುವ ಎ2 ಸ್ಲಾಟ್ ಅದೇ. ಚಿನ್ನದ ಹಲ್ಲುಗಳಿಗೆ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಸವರಿದರೆ ಸಾಕು. ರಬ್ಬರ್ ಉಜ್ಜೋದು ಎಲ್ಲರಿಗೂ ರೂಢಿ, ಆದರೆ ಅದರ ಪುಡಿ ಸ್ಲಾಟಿನೊಳಗೆ ಉಳಿದರೆ ಹೊಸ ತಲೆನೋವು. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಎಷ್ಟೋ ಮಷೀನು ಇಷ್ಟಕ್ಕೇ ಸರಿಹೋಗುತ್ತವೆ.

ಆಮೇಲೆ ಸಿಪಿಯು ಪಕ್ಕದ 8 ಪಿನ್ ಪವರ್ ಕನೆಕ್ಟರ್. ಅದು ಸಡಿಲವಿದ್ದರೂ ಫ್ಯಾನ್ ತಿರುಗುತ್ತದೆ, ಏಕೆಂದರೆ ಫ್ಯಾನಿಗೆ ಕರೆಂಟ್ ಬರೋದು ಬೋರ್ಡಿನ ದೊಡ್ಡ 24 ಪಿನ್ ಕನೆಕ್ಟರ್‌ನಿಂದ. ಫ್ಯಾನ್ ನೋಡಿ ಎಸ್‌ಎಂಪಿಎಸ್ (ಪವರ್ ಸಪ್ಲೈ) ಸರಿಯಿದೆ ಅನ್ನೋದೂ ಇದೇ ಥರದ ತಪ್ಪು. ಮಲ್ಟಿಮೀಟರ್ ಇಟ್ಟು ಲೋಡ್ ಮೇಲೆ ನೋಡಿ: 12 ವೋಲ್ಟ್ ಸಾಲು 11.4ರಿಂದ 12.6ರೊಳಗೆ, 5ರದ್ದು 4.75ರಿಂದ 5.25ರೊಳಗೆ ಇರಬೇಕು. ಬೂದು ತಂತಿಯಲ್ಲಿ 'ಸಪ್ಲೈ ಸರಿಯಿದೆ' ಅನ್ನುವ ಪವರ್ ಗುಡ್ ಸಿಗ್ನಲ್ 5 ವೋಲ್ಟ್ ಆಸುಪಾಸು ಬರದಿದ್ದರೆ ಪ್ರೊಸೆಸರ್ ಕೆಲಸ ಶುರುವೇ ಮಾಡೋದಿಲ್ಲ. ಹೊಸ ಎಸ್‌ಎಂಪಿಎಸ್‌ಗಳಲ್ಲಿ ತಂತಿಯೆಲ್ಲ ಕಪ್ಪು, ಹಾಗಾಗಿ 24 ಪಿನ್‌ನ ಎಂಟನೇ ಪಿನ್ ಎಣಿಸಿ ಹಿಡಿಯಬೇಕು. ಬೋರ್ಡ್ ಇಲ್ಲದೆ ಎರಡು ಪಿನ್ ಸೇರಿಸಿ ಮಾಡುವ ಪೇಪರ್ ಕ್ಲಿಪ್ ಟೆಸ್ಟ್ ಸಪ್ಲೈ ಆನ್ ಆಗುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ.

ಹೊಸ ಪ್ರೊಸೆಸರ್ ಹಾಕಿದ ಹಳೇ ಸ್ಟಾಕ್ ಬೋರ್ಡಾದರೆ ಬಯಾಸ್ ವರ್ಷನ್ ನೋಡಿ. ರೈಜೆನ್ 5000 ಹಾಕಿದ ಬಿ450 ಬೋರ್ಡ್, ಬಯಾಸ್ ಅಪ್‌ಡೇಟ್ ಆಗದಿದ್ದರೆ ಕಪ್ಪಾಗಿಯೇ ಕೂತಿರುತ್ತದೆ. ಇದಕ್ಕೆಲ್ಲ ದೂರು ದಾಖಲಿಸುವ ಟಿಕೆಟ್ ಟೂಲಿನಲ್ಲಿರೋದು ಒಂದೇ ಆಯ್ಕೆ, 'ಮದರ್‌ಬೋರ್ಡ್ ಫಾಲ್ಟ್'. ಬೇರೇನೂ ಬರೆಯಲು ಜಾಗವೇ ಇಲ್ಲದಿದ್ದರೆ ಬೋರ್ಡ್‌ಗಳು ಸಾಯದೆ ಇನ್ನೇನು!

ಇಷ್ಟೆಲ್ಲ ಆದ ಮೇಲೂ ಬೋರ್ಡ್ ಕಳಿಸಲೇಬೇಕಾಗಿ ಬಂದರೆ ಎಲ್‌ಜಿಎ ಸಾಕೆಟ್ಟನ್ನು (ಪಿನ್‌ಗಳು ಬೋರ್ಡಿನಲ್ಲೇ ಇರುವ ಪ್ರೊಸೆಸರ್ ಸಾಕೆಟ್) ಟಾರ್ಚ್ ಹಾಕಿ ನೋಡಿ. ಒಂದೇ ಒಂದು ಪಿನ್ ಬಾಗಿದ್ದರೂ ವಾರಂಟಿ ನಿರಾಕರಿಸಬಹುದು. ಫೋಟೋ ತೆಗೆದಿಟ್ಟುಕೊಂಡು, ಪ್ಲಾಸ್ಟಿಕ್ ಕ್ಯಾಪ್ ಹಾಕಿಯೇ ಪ್ಯಾಕ್ ಮಾಡಿ.