ಮಂತ್ರವಿದ್ದೂ ಬಿಡಿಸಬೇಕಾದ ಒಗಟು

ಪತ್ತೇದಾರಿ ಕಾದಂಬರಿಯೊಳಗೆ ಮಂತ್ರವಿದ್ಯೆ ಬಂದರೆ ಅದು ಓದುಗನಿಗೆ ಮಾಡುವ ಮೋಸವೆಂದೇ ನಾನು ಬಹಳ ಕಾಲ ನಂಬಿದ್ದೆ. ಬೀಗ ಹಾಕಿದ ಕೋಣೆಯಲ್ಲಿ ಹೆಣ ಬಿದ್ದಿದೆ, ಒಳಗೆ ಬೇರೆ ಯಾರೂ ಇಲ್ಲ ಎಂದು ಲೇಖಕ ನಮ್ಮನ್ನು ಇನ್ನೂರು ಪುಟ ತಲೆಕೆಡಿಸಿಕೊಳ್ಳುವಂತೆ ಮಾಡಿ, ಕೊನೆಗೆ ಹಂತಕ ಗೋಡೆಯನ್ನು ಹಾದು ಬಂದನೆಂದು ಹೇಳಿಬಿಟ್ಟರೆ, ಅಲ್ಲಿಯವರೆಗೆ ನಾವು ಯೋಚಿಸಿದ್ದೆಲ್ಲ ವ್ಯರ್ಥವಾಗುತ್ತದೆ. ಸ್ವತಃ ಪತ್ತೇದಾರಿ ಕತೆಗಳನ್ನು ಬರೆಯುತ್ತಿದ್ದ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲಿ ಈ ಪ್ರಕಾರಕ್ಕೆ ಹತ್ತು ಕಟ್ಟಳೆಗಳನ್ನು ಹಾಕಿದ್ದರು. ಅತಿಮಾನುಷ ಶಕ್ತಿಗಳಿಗೆ ಇಲ್ಲಿ ಜಾಗವಿಲ್ಲ ಎಂಬುದು ಅವುಗಳಲ್ಲಿ ಎರಡನೆಯದು. ಆ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಿತ್ತು.

ಹಾಗಾಗಿ ಅಕ್ಕ ರಾಂಡಾಲ್ ಗ್ಯಾರೆಟ್ ಬರೆದ ‘ಟೂ ಮೆನಿ ಮೆಜಿಶಿಯನ್ಸ್’ ಕಾದಂಬರಿಯನ್ನು ಕೈಗಿಟ್ಟಾಗ, “ಮಂತ್ರ ಗೊತ್ತಿದ್ದವರಿಗೆ ಪತ್ತೇದಾರ ಯಾಕೆ ಬೇಕು?” ಎಂದು ಕೇಳಿದ್ದೆ. “ಮೊದಲು ಓದು, ಆಮೇಲೆ ಮಾತಾಡೋಣ” ಎಂದಷ್ಟೇ ಅವಳು ಹೇಳಿದಳು. ಎರಡು ಸಲ ಹತ್ತಿಪ್ಪತ್ತು ಪುಟ ಓದಿ ಎತ್ತಿಟ್ಟೆ. ಮೂರನೆಯ ಸಲ, ಬೇರೇನೂ ಕೆಲಸವಿಲ್ಲದ ಒಂದು ಭಾನುವಾರ, ಪೆನ್ಸಿಲ್ ಮತ್ತು ಒಂದು ನೋಟ್‌ಬುಕ್ ಇಟ್ಟುಕೊಂಡು ಬೆಳಿಗ್ಗೆಯೇ ಕುಳಿತೆ.

1966ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಈ ಕತೆ ನಡೆಯುವುದು ನಮ್ಮ ಇತಿಹಾಸದಿಂದ ಕವಲೊಡೆದ ಒಂದು ಲೋಕದಲ್ಲಿ. ಬಾಣದ ಗಾಯದಿಂದ 1199ರಲ್ಲಿ ಸತ್ತ ಇಂಗ್ಲೆಂಡಿನ ದೊರೆ ರಿಚರ್ಡ್ ಅಲ್ಲಿ ಚೇತರಿಸಿಕೊಂಡಿದ್ದಾನೆ. ಅವನ ವಂಶದವರೇ ಇಪ್ಪತ್ತನೆಯ ಶತಮಾನದಲ್ಲೂ ಇಂಗ್ಲೆಂಡ್ ಮತ್ತು ಫ್ರಾನ್ಸನ್ನು ಆಳುತ್ತಿದ್ದಾರೆ. ಭೌತವಿಜ್ಞಾನ ಬೆಳೆಯಬೇಕಾದ ಕಡೆ ಮಂತ್ರವಿದ್ಯೆ ಒಂದು ಶಾಸ್ತ್ರವಾಗಿ ಬೆಳೆದಿದೆ, ಮಾಂತ್ರಿಕರಿಗೆ ಚರ್ಚು ಪರವಾನಗಿ ಕೊಡುತ್ತದೆ. ಇಂಥ ಮಾಂತ್ರಿಕರ ಸಮ್ಮೇಳನವೊಂದು ಲಂಡನ್ನಿನ ಹೋಟೆಲಿನಲ್ಲಿ ನಡೆಯುತ್ತಿರುವಾಗ, ಬೀಗ ಹಾಕಿದ ಕೋಣೆಯಲ್ಲಿ ಒಬ್ಬ ದೊಡ್ಡ ಮಾಂತ್ರಿಕನ ಕೊಲೆಯಾಗುತ್ತದೆ. ಶಂಕಿತರ ಪೈಕಿ ಹೆಚ್ಚಿನವರೆಲ್ಲ ಮಂತ್ರ ಬಲ್ಲವರೇ. ತನಿಖೆಗಿಳಿಯುವ ಲಾರ್ಡ್ ಡಾರ್ಸಿಗೆ ಮಾತ್ರ ಆ ಶಕ್ತಿ ಕಿಂಚಿತ್ತೂ ಇಲ್ಲ.

ನನ್ನ ಹಟ ಸಡಿಲವಾದದ್ದು ಡಾರ್ಸಿಯ ಜೊತೆಗಾರನಾದ ಮಾಂತ್ರಿಕ ಶಾನ್ ಕೆಲಸಕ್ಕೆ ಕುಳಿತಾಗ. ಆತ ಮಂತ್ರ ಹಾಕುವ ರೀತಿ ನಮ್ಮ ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರು ಕೆಲಸ ಮಾಡುವ ಹಾಗೆಯೇ ಇದೆ. ಏನು ಮಾಡುತ್ತಿದ್ದೇನೆ, ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನೆಲ್ಲ ಅವನು ಬಿಡಿಸಿ ಹೇಳುತ್ತಾನೆ. ಅವನ ಶಾಸ್ತ್ರದ ಬೇರು ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ 1890ರಲ್ಲಿ ಹಲವು ಸಮಾಜಗಳ ಮಾಟಮಂತ್ರಗಳ ಹಿಂದೆ ಗುರುತಿಸಿದ ಎರಡು ನಂಬಿಕೆಗಳಲ್ಲಿದೆ: ಒಂದನ್ನೊಂದು ಹೋಲುವ ವಸ್ತುಗಳು ಪರಸ್ಪರ ಪ್ರಭಾವ ಬೀರುತ್ತವೆ, ಒಮ್ಮೆ ತಗುಲಿಕೊಂಡಿದ್ದ ವಸ್ತುಗಳು ದೂರವಾದ ಮೇಲೂ ನಂಟು ಉಳಿಸಿಕೊಳ್ಳುತ್ತವೆ. ಗ್ಯಾರೆಟ್ ಬರೆದ ಡಾರ್ಸಿ ಸರಣಿಯ ಮೊದಲ ಕತೆಯಲ್ಲಿ ಶಾನ್ ಗುಂಡು ಯಾವ ಪಿಸ್ತೂಲಿನದೆಂದು ಪತ್ತೆಹಚ್ಚುವುದೂ ಈ ಬಗೆಯ ನಿಯಮದಿಂದಲೇ. ಮಂತ್ರಕ್ಕೆ ನಿಯಮವಿದೆ ಎಂದರೆ ಮಿತಿಯೂ ಇದೆ ಎಂದರ್ಥ, ಮತ್ತು ಆ ಮಿತಿ ಓದುಗನಿಗೂ ಪತ್ತೇದಾರನಿಗೂ ಒಂದೇ. ನಾಕ್ಸ್ ಆ ಕಟ್ಟಳೆ ಹಾಕಿದ್ದು ನ್ಯಾಯದ ಆಟಕ್ಕಾಗಿ. ಆ ಆಟ ಇಲ್ಲಿ ಎಲ್ಲೂ ಕೆಟ್ಟಿಲ್ಲ ಎಂದು ಆಗ ಹೊಳೆಯಿತು.

ಅಲ್ಲಿಂದ ಮುಂದೆ ಊಟದ ನೆನಪೂ ಆಗಲಿಲ್ಲ. ನೋಟ್‌ಬುಕ್ಕಿನ ಎಡಪುಟದಲ್ಲಿ ಯಾರು ಯಾವಾಗ ಎಲ್ಲಿದ್ದರೆಂದು ಬರೆದೆ, ಬಲಪುಟದಲ್ಲಿ ಈ ಲೋಕದಲ್ಲಿ ಮಂತ್ರದಿಂದ ಆಗದ ಕೆಲಸಗಳನ್ನು ಬರೆದೆ. ಮಾಮೂಲಿ ಪತ್ತೇದಾರಿ ಕಾದಂಬರಿಗೆ ಎಡಪುಟವೊಂದಿದ್ದರೆ ಸಾಕು. ಇಲ್ಲಿ ಎರಡನ್ನೂ ಒಟ್ಟಿಗೆ ಹಿಡಿದು ಯೋಚಿಸಬೇಕು, ಅದೇ ಇದರ ನಿಜವಾದ ರುಚಿ. ಶಾನ್‌ನನ್ನೇ ಶಂಕಿತನೆಂದು ಬಂಧಿಸಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ನಡುವಿನ ಬೇಹುಗಾರಿಕೆಯ ಎಳೆ ಸ್ವಲ್ಪ ಉದ್ದವಾಯಿತೆಂದು ಈಗಲೂ ಅನ್ನಿಸುತ್ತದೆ, ಆದರೆ ಬೀಗ ಹಾಕಿದ ಆ ಕೋಣೆ ಮನಸ್ಸಿನಿಂದ ಒಂದು ಗಳಿಗೆಯೂ ಕದಲಲಿಲ್ಲ.

ಉತ್ತರ ಏನೆಂದು ಇಲ್ಲಿ ಬರೆಯುವುದಿಲ್ಲ. ಓದದವರ ಸಂತೋಷವನ್ನು ಕಸಿದ ಹಾಗಾಗುತ್ತದೆ. ನಾನು ಗುರುತು ಹಾಕಿಕೊಂಡಿದ್ದ ವ್ಯಕ್ತಿ ಹಂತಕನಾಗಿರಲಿಲ್ಲ. ರಾತ್ರಿ ಹತ್ತು ದಾಟಿದ ಮೇಲೆ ಕೊನೆಯ ಪುಟ ಮುಗಿಸಿ, ಆರಂಭದ ಅಧ್ಯಾಯಗಳಿಗೆ ಮರಳಿ ಹುಡುಕಿದೆ. ಬರೀ ವರ್ಣನೆಯೆಂದು ದಾಟಿ ಹೋಗಿದ್ದ ಒಂದು ವಾಕ್ಯ, ನಾನು ಪೆನ್ಸಿಲಿನಿಂದ ಗೆರೆ ಎಳೆದಿದ್ದ ಇನ್ನೊಂದು ವಾಕ್ಯಕ್ಕಿಂತ ನಾಲ್ಕೇ ಸಾಲು ಮೇಲೆ ಇತ್ತು.

ಅಕ್ಕನಿಗೆ ಫೋನ್ ಮಾಡಿದೆ. “ಸಿಕ್ಕಿತಾ?” ಎಂದಳು. ಇಲ್ಲವೆಂದೆ, ಆದರೆ ಸಿಗಬಹುದಿತ್ತು ಎಂದೆ. ಅವಳು ಆ ವಾಕ್ಯವನ್ನು ಪುಸ್ತಕವಿಲ್ಲದೆಯೇ ಬಾಯಿಪಾಠವಾಗಿ ಹೇಳಿದಳು.