ಬೆನ್ನಿನ ನೀರು ತೆಗೆಸೋಕೆ ಹೆದರ್ಬೇಡಿ

ನನ್ನ ಚಿಕ್ಕಪ್ಪನ ಮಗಳು, 19 ವರ್ಷ, ಡಿಗ್ರಿ ಓದ್ತಿದ್ಲು. ಒಂದ್ವಾರ ಜ್ವರ ತಲೆನೋವು ಅಂತ ಮಲಗಿದ್ಲು, ಅದಾದ್ಮೇಲೆ ನಿದ್ದೇನೇ ಇಲ್ಲ, ರಾತ್ರಿಯೆಲ್ಲಾ ಗೋಡೆ ಜೊತೆ ಮಾತು, ಅನ್ನದಲ್ಲಿ ವಿಷ ಹಾಕಿದೀರ ಅಂತ ತಟ್ಟೆ ಎಸೆಯೋದು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ರು. ಮೊದಲ ಆಸ್ಪತ್ರೇಲಿ ಮಾನಸಿಕ ಕಾಯಿಲೆ ಅಂದು ಮಾತ್ರೆ ಕೊಟ್ರು, ಮೈ ಸೆಟೆದುಕೊಳ್ತು, ಆಮೇಲೆ ಫಿಟ್ಸ್ ಬಂತು. ಬಾಯಿ ಮಾತ್ರ ಏನೋ ಜಗಿಯೋ ಥರ ಆಡ್ತಾನೇ ಇರೋದು. ಇನ್ನೊಂದು ಆಸ್ಪತ್ರೆ ಡಾಕ್ಟ್ರು ಅದನ್ನೇ ಸುಮಾರು ಹೊತ್ತು ನೋಡ್ಕೊಂಡು ನಿಂತು, ಬೆನ್ನಿನ ನೀರು, ಅಂದ್ರೆ ಮೆದುಳು ಬೆನ್ನುಹುರಿ ಸುತ್ತ ಇರೋ ದ್ರವ, ತೆಗೆದು ಟೆಸ್ಟ್‌ಗೆ ಕಳಿಸ್ಬೇಕು ಅಂದ್ರು.

ಚಿಕ್ಕಮ್ಮ ನನ್ನ ಕೈ ಹಿಡ್ಕೊಂಡು "ಬೇಡ ಕಣಪ್ಪ, ಸೊಂಟ ಬಿದ್ದೋಗುತ್ತಂತೆ, ನಾಳೆ ಮದ್ವೆ ಆಗ್ಬೇಕಾದ ಹುಡ್ಗಿ" ಅಂತ ಅತ್ರು. ಈ ಭಯ ಎಷ್ಟು ಮನೆಗಳಲ್ಲಿದೆಯೋ ಅದಕ್ಕೇ ಬರೀತಿದೀನಿ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದೋಗುತ್ತೆ, ಸೂಜಿ ಹಾಕೋದು ಅದಕ್ಕಿಂತ ಕೆಳಗೆ. ದೊಡ್ಡವರಲ್ಲಿ ಈ ನೀರು ಇರೋದೇ ಸುಮಾರು 150 ಎಂಎಲ್, ಒಂದು ಕಾಫಿ ಲೋಟದಷ್ಟು, ಆದ್ರೆ ಮೆದುಳು ದಿನಕ್ಕೆ 500 ಎಂಎಲ್ ಹತ್ರ ಹೊಸದಾಗಿ ಮಾಡ್ತಾನೇ ಇರುತ್ತೆ, ಹಾಗಾಗಿ ತೆಗೆದಿದ್ದು ಬೇಗ ತುಂಬ್ಕೊಳ್ಳುತ್ತೆ. ಕೆಲವರಿಗೆ ಕೆಲವು ದಿನ ತಲೆನೋವು ಬರುತ್ತೆ, ನಮ್ಮ ಹುಡುಗೀಗೂ ಬಂತು.

ಮಂಡಿ ಎದೆಗೆ ಒತ್ತಿ ಮಗ್ಗುಲಾಗಿ ಮಲಗಿಸಿದ್ರು, ನಾನು ಭುಜ ಹಿಡ್ಕೊಂಡಿದ್ದೆ. ಸಣ್ಣ ಟ್ಯೂಬಿಗೆ ತೊಟ್ಟು ತೊಟ್ಟಾಗಿ ಬಿತ್ತು, ಬಾವಿ ನೀರಿನಷ್ಟು ತಿಳಿ.

ಸಕ್ಕರೆ ನಾರ್ಮಲ್, ಪ್ರೋಟೀನ್ ನಾರ್ಮಲ್, ಬಿಳಿ ಕಣ ಸ್ವಲ್ಪ ಜಾಸ್ತಿ. ನಿಜವಾದ ಉತ್ತರ ಆಂಟಿಬಾಡಿ (ರೋಗದ ವಿರುದ್ಧ ದೇಹ ಮಾಡೋ ಪ್ರೋಟೀನ್) ಟೆಸ್ಟಲ್ಲಿ ಬಂತು, ಆಂಟಿ ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ಅಂದ್ರೆ ದೇಹದ ರಕ್ಷಣಾ ವ್ಯವಸ್ಥೆ ನಮ್ಮದೇ ಮೆದುಳಿನ ಕಣಗಳು ಸಂದೇಶ ಹಿಡಿಯೋ ರಿಸೆಪ್ಟರ್ ಮೇಲೆ ತಿರುಗಿ ಬೀಳೋದು. ನರರೋಗ ತಜ್ಞ ಜೋಸೆಪ್ ಡಾಲ್ಮೌ ಮತ್ತವರ ತಂಡ ಇದನ್ನ ಗುರುತಿಸಿ ಬರೆದಿದ್ದೇ 2007ರಲ್ಲಿ, 12 ಹೆಂಗಸರ ಕೇಸ್ ನೋಡಿ, ಬಹುತೇಕ ಎಲ್ಲರಿಗೂ ಅಂಡಾಶಯದಲ್ಲಿ ಗಡ್ಡೆ ಇತ್ತು. ಅದಕ್ಕೂ ಮುಂಚೆ ಎಷ್ಟು ಜನ ಹುಚ್ಚು ಅನ್ನಿಸ್ಕೊಂಡೇ ಹೋದ್ರೋ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ರಕ್ತದ ಟೆಸ್ಟ್ ಒಂದೇ ಸಾಕು ಅನ್ನೋರೂ ಇದಾರೆ, ಸಾಲಲ್ಲ, 250 ರೋಗಿಗಳನ್ನ ನೋಡಿದ 2014ರ ಅಧ್ಯಯನದಲ್ಲಿ ಎಲ್ಲರ ಬೆನ್ನುನೀರಲ್ಲೂ ಆಂಟಿಬಾಡಿ ಸಿಕ್ತು, ರಕ್ತದಲ್ಲಿ ನೂರಕ್ಕೆ ಹದಿನಾಲ್ಕು ಜನಕ್ಕೆ ಸಿಗಲೇ ಇಲ್ಲ.

ಖಿನ್ನತೆಗೆ ಹಿಂಗೆ ನೀರಲ್ಲೇ ಉತ್ತರ ಸಿಗುತ್ತಾ ಅಂತ ಸ್ಟಾಕ್‌ಹೋಮ್‌ನಲ್ಲಿ ಮನೋವೈದ್ಯೆ ಮೇರಿ ಓಸ್‌ಬರಿ 1976ರಲ್ಲೇ ನೋಡಿದ್ರು, ಸೆರೊಟೋನಿನ್ ಅನ್ನೋ ಮೆದುಳಿನ ರಾಸಾಯನಿಕ ಒಡೆದು ಬರೋ ಅಂಶ ಕಮ್ಮಿ ಇದ್ದೋರಲ್ಲಿ ಆತ್ಮಹತ್ಯೆ ಯತ್ನ ಜಾಸ್ತಿ ಕಂಡಿತ್ತು, ಆದ್ರೆ ಅದು ವಾರ್ಡಲ್ಲಿ ಮಾಡೋ ಟೆಸ್ಟ್ ಆಗ್ಲಿಲ್ಲ. ಮಾನಸಿಕ ಕಾಯಿಲೆ ಇರೋ ಎಲ್ಲರಿಗೂ ಸೂಜಿ ಬೇಕಿಲ್ಲ. ಆದ್ರೆ ಚೆನ್ನಾಗಿದ್ದೋರು ಕೆಲವೇ ದಿನದಲ್ಲಿ ಹಿಂಗಾದ್ರೆ, ಜೊತೆಗೆ ಫಿಟ್ಸೋ ಬಾಯಿ ಆಡಿಸೋದೋ ಇದ್ರೆ, ಈ ಟೆಸ್ಟ್ ಬೇಕಾ ಅಂತ ದಯವಿಟ್ಟು ಡಾಕ್ಟ್ರನ್ನ ನೀವೇ ಕೇಳಿ.

ಅವಳಿಗೆ ಗಡ್ಡೆ ಇರ್ಲಿಲ್ಲ. ಸ್ಟೀರಾಯ್ಡು, ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಯನ್ನ ನರಕ್ಕೆ ಹಾಕೋದು), ಎರಡು ತಿಂಗಳು ಆಸ್ಪತ್ರೆ. ಆ ದಿನಗಳು ಅವಳಿಗೆ ಒಂಚೂರೂ ನೆನಪಿಲ್ಲ, ಹೋದ್ವಾರ ಫೋನ್ ಮಾಡಿ "ಅಣ್ಣಾ, ನಾನು ಅಮ್ಮಂಗೆ ಏನಾದ್ರೂ ಅಂದ್ನಾ?" ಅಂತ ಕೇಳಿದ್ಲು.