ಒಬ್ಬಳೇ ಹೋಗ್ತೀಯಲ್ಲ, ಹೆದರಿಕೆ ಆಗಲ್ವಾ?

ಚಿಕ್ಕಮ್ಮ ಕೇಳುತ್ತಾರೆ. ಆಫೀಸಿನವರು ಕೇಳುತ್ತಾರೆ. ಮೊನ್ನೆ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳಿದರು. ಸ್ಪೇನ್‌ನಲ್ಲಿ ನಾನು ಸೈಕಲ್ ತುಳಿದ ಫೋಟೋ ನೋಡಿದವರ ಬಾಯಲ್ಲೆಲ್ಲ ಒಂದೇ ಮಾತು: "ರಸ್ತೇಲಿ ಒಂದು ನರಪಿಳ್ಳೆನೂ ಇಲ್ವಲ್ಲೇ! ಒಬ್ಬಳೇ ಹೋಗ್ತೀಯಲ್ಲ, ಹೆದರಿಕೆ ಆಗಲ್ವಾ?"

ಆಗುತ್ತದೆ. ಆದರೆ ಅವರು ಅಂದುಕೊಂಡ ಹೆದರಿಕೆ ಅಲ್ಲ.

ಕೆಲಸದ ಮೇಲೆ ಮ್ಯಾಡ್ರಿಡ್‌ನಲ್ಲಿದ್ದ ಮೂರು ವರ್ಷ, ರಜೆ ಸಿಕ್ಕಾಗಲೆಲ್ಲ ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಎಕ್ಸ್‌ತ್ರೆಮದೂರಾಗೆ ಹೋಗುತ್ತಿದ್ದೆ. ಪೋರ್ಚುಗಲ್ ಗಡಿಗೆ ಅಂಟಿಕೊಂಡ ಸೀಮೆ ಅದು. ಕರ್ನಾಟಕದ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಜಾಗ, ಇರುವ ಜನ ಹತ್ತು ಲಕ್ಷದ ಆಸುಪಾಸು. ಚದರ ಕಿಲೋಮೀಟರಿಗೆ 25 ಜನ. ರಸ್ತೆ ಖಾಲಿ ಇರದೆ ಇನ್ನೇನು?

ನನ್ನ ಮಟ್ಟಿಗೆ ಸೈಕಲ್ ಮೇಲೆ ಮೊದಲ ಹೆದರಿಕೆ ಹಿಂದಿನಿಂದ ಬರುವ ಲಾರಿಯದು. ಬೆಂಗಳೂರಿನ ರಿಂಗ್ ರೋಡಿನಲ್ಲಿ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಪೇನ್‌ನಲ್ಲಿ ಸೈಕಲ್ಲನ್ನು ದಾಟುವ ವಾಹನ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕು. 2022ರ ಮಾರ್ಚ್‌ನಿಂದ ಇನ್ನೂ ಬಿಗಿ ಮಾಡಿದ್ದಾರೆ: ಒಂದೇ ದಿಕ್ಕಿಗೆ ಒಂದಕ್ಕಿಂತ ಹೆಚ್ಚು ಲೇನ್ ಇರುವ ರಸ್ತೆಯಲ್ಲಿ ಸೈಕಲ್ ದಾಟುವಾಗ ಪೂರ್ತಿ ಪಕ್ಕದ ಲೇನಿಗೆ ಹೋಗಬೇಕು. ಇಬ್ಬರು ಅಕ್ಕಪಕ್ಕ ತುಳಿದುಕೊಂಡು ಹೋಗಬಹುದು, ಕಾನೂನೇ ಒಪ್ಪುತ್ತದೆ. ಊರು ದಾಟಿದ ಮೇಲೆ ಹೆಲ್ಮೆಟ್ ಕಡ್ಡಾಯ. ಮೊದಲ ದಿನ ತಿರುವಿನಲ್ಲಿ ಒಂದು ದೊಡ್ಡ ಲಾರಿ ನನ್ನ ಹಿಂದೆಯೇ ನಿಧಾನಕ್ಕೆ ಬಂತು. ಹಾರ್ನ್ ಇಲ್ಲ. ತಿರುವು ಮುಗಿದು ಮುಂದಿನ ರಸ್ತೆ ಕಂಡ ಮೇಲೆ ಪೂರ್ತಿ ಆಚೆ ಬದಿಗೆ ಹೋಗಿ ದಾಟಿತು. ನಾನು ಸೈಕಲ್ ನಿಲ್ಲಿಸಿ ಎರಡು ನಿಮಿಷ ಸುಮ್ನೆ ನಿಂತೆ. ಅಷ್ಟು ವರ್ಷ ಭುಜದಲ್ಲಿ ಹೊತ್ತುಕೊಂಡಿದ್ದ ಬಿಗಿತ ಅವತ್ತು ಇಳಿಯಿತು.

ಖಾಲಿ ರಸ್ತೆಗೂ ಒಂದು ಕಾರಣ ಇದೆ. ಕಾಸೆರೆಸ್‌ನಿಂದ ಮೆರಿದಾಗೆ ಸುಮಾರು 70 ಕಿಲೋಮೀಟರು. ಎನ್-630 ಎಂಬ ಹಳೆಯ ಹೆದ್ದಾರಿ. ಅದರ ಪಕ್ಕದಲ್ಲೇ ಎ-66 ಎಂಬ ಹೊಸ ಹೆದ್ದಾರಿ ಮಾಡಿದರು, ವಾಹನಗಳೆಲ್ಲ ಅತ್ತ ಹೋದವು. ಬೈಪಾಸ್ ಆದಮೇಲೆ ಹಳೇ ರಸ್ತೆಯ ಗತಿ ಏನಾಗುತ್ತೆ ಅಂತ ನಮಗೂ ಗೊತ್ತಲ್ವಾ? ಅಲ್ಲಿ ಡಾಂಬರು ಮಾತ್ರ ಚೆನ್ನಾಗಿಯೇ ಉಳಿದಿದೆ. ಹೆದ್ದಾರಿಯಷ್ಟು ಅಗಲದ ರಸ್ತೆ, ಅರ್ಧ ಗಂಟೆಗೆ ಒಂದು ಟ್ರ್ಯಾಕ್ಟರು.

ಆ ಹಳೇ ಹೆದ್ದಾರಿಯ ಜೊತೆಜೊತೆಗೇ ಅದಕ್ಕಿಂತ ಹಳೆಯ ರೋಮನ್ನರ ದಾರಿ ಸಾಗುತ್ತದೆ. 'ಬೆಳ್ಳಿ ದಾರಿ' ಅಂತ ಅದರ ಹೆಸರು, ಆದರೆ ಬೆಳ್ಳಿಗೂ ಅದಕ್ಕೂ ಸಂಬಂಧ ಇರಲಿಕ್ಕಿಲ್ಲ. ಕಲ್ಲು ಹಾಸಿದ ದಾರಿಗೆ ಅರಬ್ಬಿಯಲ್ಲಿ 'ಬಲಾತ್' ಅನ್ನುತ್ತಾರೆ, ಅದೇ ಜನರ ಬಾಯಲ್ಲಿ 'ಪ್ಲಾತಾ' ಆಯಿತು ಅನ್ನುವುದು ಒಂದು ವಾದ. ಪ್ಲಾತಾ ಅಂದರೆ ಬೆಳ್ಳಿ. ಅಲ್ದೆಯಾ ದೆಲ್ ಕಾನೊ ಹಳ್ಳಿ ದಾಟಿದ ಮೇಲೆ ಮಣ್ಣಿನ ದಾರಿಗೆ ಇಳಿದರೆ ರೋಮನ್ನರ ಮೈಲಿಗಲ್ಲುಗಳು ಸಿಗುತ್ತವೆ. ಆಳೆತ್ತರದ ದುಂಡು ಕಂಬಗಳು. ಒಂದು ಕಂಬದಲ್ಲಿ ಚೌಕಾಕಾರದ ಗೂಡು ಕೊರೆದಿದ್ದಾರೆ, ನಮ್ಮ ಗೋಡೆಯ ದೀಪದ ಗೂಡಿನ ಹಾಗೆ. ಅಂಚೆಯವನು ಆ ಕಡೆಯ ಕಾಗದಗಳನ್ನು ಅದರಲ್ಲಿ ಇಟ್ಟು ಹೋಗುತ್ತಿದ್ದನಂತೆ. ನಾನು ಒಳಗೆ ಕೈ ಹಾಕಿ ನೋಡಿದೆ. ಅಂಚು ನುಣುಪಾಗಿತ್ತು. ಕಾರಿನಲ್ಲಿ ಹೋಗಿದ್ದರೆ ಈ ಕಲ್ಲು ನನಗೆ ಸಿಗುತ್ತಲೇ ಇರಲಿಲ್ಲ.

ದಾರಿಯ ಕೊನೆಗೆ ಮೆರಿದಾ. ಕ್ರಿ.ಪೂ. 25ರಲ್ಲಿ ರೋಮನ್ ಚಕ್ರವರ್ತಿ ಅಗಸ್ಟಸ್ ತನ್ನ ನಿವೃತ್ತ ಸೈನಿಕರಿಗಾಗಿ ಕಟ್ಟಿಸಿದ ಊರು. ಗುವಾದಿಯಾನಾ ನದಿಯ ಮೇಲಿನ ರೋಮನ್ ಸೇತುವೆ ಮುಕ್ಕಾಲು ಕಿಲೋಮೀಟರಿಗಿಂತ ಉದ್ದ. ಈಗ ಅದರ ಮೇಲೆ ಕಾರು, ಲಾರಿ ಬಿಡುವುದಿಲ್ಲ. ಸಂಜೆ ಹೊತ್ತು ಸೈಕಲ್ ತಳ್ಳಿಕೊಂಡು ನಡೆದರೆ ಸಾಕು, ಬೇರೆ ಏನೂ ಬೇಡ.

ಈಗ ಚಿಕ್ಕಮ್ಮನ ನಿಜವಾದ ಪ್ರಶ್ನೆಗೆ ಬರುತ್ತೇನೆ. ಕಳ್ಳಕಾಕರ ಭಯ. ತ್ರುಹಿಯೊದಿಂದ ಉತ್ತರಕ್ಕೆ ಪ್ಲಾಸೆನ್ಸಿಯಾ ಕಡೆ ಹೋಗುವ ದಾರಿಯಲ್ಲಿ ಒಂದು ಕಾಲಕ್ಕೆ ದರೋಡೆಕೋರರ ಕಾಟ ಎಷ್ಟಿತ್ತೆಂದರೆ, ಹದಿನೆಂಟನೇ ಶತಮಾನದಲ್ಲಿ ಮೂರನೇ ಕಾರ್ಲೋಸ್ ರಾಜನ ಕಾಲದಲ್ಲಿ ದಾರಿ ಕಾಯಲಿಕ್ಕೆಂದೇ ಒಂದು ಹಳ್ಳಿ ಹುಟ್ಟಿಕೊಂಡಿತು. ರಾಜನ ಹೆಸರೇ ಊರಿಗೆ: ವಿಯಾರ್ರೆಯಾಲ್ ದೆ ಸಾನ್ ಕಾರ್ಲೋಸ್. ಈಗ ಅಲ್ಲಿರುವುದು ಒಂದೇ ಬೀದಿ. ಸುತ್ತ ಮೊನ್‌ಫ್ರಾಗ್ವೆ ರಾಷ್ಟ್ರೀಯ ಉದ್ಯಾನ. ಬಂಡೆಯ ಮೇಲೆ ರಣಹದ್ದುಗಳು ಸಾಲಾಗಿ ಕೂತಿರುತ್ತವೆ, ಕೆಳಗೆ ತಾಹೊ ನದಿ. ಏರು ಹತ್ತುವಾಗ ಅವುಗಳ ನೆರಳು ರಸ್ತೆಯ ಮೇಲೆ, ನನ್ನ ಕೈ ಮೇಲೆ ಹಾದು ಹೋಗುತ್ತದೆ. ರೆಕ್ಕೆಯ ಸದ್ದೂ ಕೇಳಿಸುವಷ್ಟು ಮೌನ. ಅಲ್ಲಿ ನಾನು ಮನುಷ್ಯರಿಗೆ ಹೆದರಿದ್ದು ಒಂದು ಸಲವೂ ಇಲ್ಲ.

ನಾಯಿಗೆ ಹೆದರಿದ್ದೇನೆ. ಆ ಸೀಮೆಯಲ್ಲಿ ರಸ್ತೆಯ ಎರಡೂ ಕಡೆ ಓಕ್ ಮರಗಳ ಹುಲ್ಲುಗಾವಲು, ದೆಹೇಸಾ ಅನ್ನುತ್ತಾರೆ. ಮರಗಳು ದೂರ ದೂರ, ಕೆಳಗೆ ಕುರಿ, ಹಂದಿ ಮೇಯುತ್ತವೆ. ಬೆಂಡು (ಕಾರ್ಕ್) ಸಿಗುವ ಓಕ್ ಮರದ ತೊಗಟೆಯನ್ನು ಒಂಬತ್ತು ವರ್ಷಕ್ಕೊಮ್ಮೆ ಸುಲಿಯುತ್ತಾರೆ. ಸುಲಿದ ಹೊಸದರಲ್ಲಿ ಕಾಂಡ ಕೆಮ್ಮಣ್ಣಿನ ಬಣ್ಣಕ್ಕಿರುತ್ತದೆ. ಅದರ ಮೇಲೆ ಸುಣ್ಣದ ಬಿಳುಪಿನಲ್ಲಿ ಒಂದು ಅಂಕಿ, ಸುಲಿದ ವರ್ಷದ ಕೊನೆಯ ಅಂಕಿ. ಹೀಗೆ ಅಂಕಿ ಓದುತ್ತಾ ಹೋಗುತ್ತಿದ್ದಾಗ ಒಮ್ಮೆ ಕುರಿಮಂದೆ ರಸ್ತೆ ದಾಟುತ್ತಿತ್ತು. ಅದು ಕುರಿಗಳದೇ ದಾರಿ. 1273ರಲ್ಲಿ ಹತ್ತನೇ ಅಲ್ಫೊನ್ಸೊ ರಾಜ ಕುರಿ ಸಾಕುವವರ ಸಂಘಕ್ಕೆ ಮಾನ್ಯತೆ ಕೊಟ್ಟ. ಮೆಸ್ತಾ ಅಂತ ಅದರ ಹೆಸರು. ಚಳಿಗಾಲಕ್ಕೆ ಉತ್ತರದ ಬೆಟ್ಟಗಳಿಂದ ಇಳಿದು ಬರುವ ಮೆರಿನೊ ಕುರಿಗಳಿಗೆ ಅಂತಲೇ ಅಲ್ಲಿನ ಹಳೆಯ ಅಳತೆಯಲ್ಲಿ 90 ಕೋಲು, ಅಂದರೆ ಸುಮಾರು 75 ಮೀಟರ್ ಅಗಲದ ದಾರಿಗಳಿದ್ದವು. ಇವತ್ತಿಗೂ ಅವು ಕಾನೂನಿನ ಪ್ರಕಾರ ಸಾರ್ವಜನಿಕ ಜಾಗವೇ.

ಕುರಿಗಳ ನಡುವಿನಿಂದ ಮಸ್ತೀನ್ ನಾಯಿ ಎದ್ದು ಬಂತು. ಕರುವಿನಷ್ಟು ದೊಡ್ಡದು, ಜೋಲು ಗಲ್ಲ. ತೋಳ ಕುತ್ತಿಗೆ ಹಿಡಿಯದಿರಲಿ ಅಂತ ಈ ನಾಯಿಗಳಿಗೆ ಮುಳ್ಳಿನ ಪಟ್ಟಿ ಹಾಕುವ ರೂಢಿ ಹಿಂದಿನಿಂದ ಇದೆ, ಇದರ ಕೊರಳಲ್ಲೂ ಇತ್ತು. ಓಡಬಾರದು. ನಾನು ಕೆಳಗಿಳಿದು ಸೈಕಲ್ಲನ್ನು ಅದಕ್ಕೂ ನನಗೂ ನಡುವೆ ಇಟ್ಟುಕೊಂಡು ನಿಂತೆ. ಕಾಲು ನಡುಗುತ್ತಿತ್ತು. ಕುರಿಗಾಹಿ ದೂರದಿಂದ ಒಂದು ಸಿಳ್ಳೆ ಹಾಕಿದ. ನಾಯಿ ತಿರುಗಿ ಹೋಯಿತು. ಅದರ ಪಾಡಿಗೆ ಅದು ತನ್ನ ಕೆಲಸ ಮಾಡುತ್ತಿತ್ತು, ಅದರ ದಾರಿಯಲ್ಲಿ ಅಡ್ಡ ಬಂದವಳು ನಾನು. ಇಂಥ ಕಡೆ ಒಬ್ಬರೇ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಕುರಿ ಕಂಡರೆ ಇಳಿದು ನಡೆಯಿರಿ. ಜುಲೈ, ಆಗಸ್ಟ್‌ನಲ್ಲಿ ಹೋಗಲೇಬೇಡಿ, ಬಿಸಿಲು 40 ಡಿಗ್ರಿ ದಾಟುತ್ತದೆ. ಏಪ್ರಿಲ್ ಒಳ್ಳೆಯದು. ನೀರು ಸಿಕ್ಕಲ್ಲೆಲ್ಲ ತುಂಬಿಸಿಕೊಳ್ಳಿ.

ನೀರು ಸಿಗುವುದು ಊರಿನ ಬಾರ್‌ನಲ್ಲಿ. ಬಾರ್ ಅಂದರೆ ನಮ್ಮ ಬಾರ್ ಅಲ್ಲ. ಬೆಳಿಗ್ಗೆ ಅಲ್ಲಿ ಹಾಲು ಹಾಕಿದ ಕಾಫಿ, ಟೊಮೆಟೊ ಹಚ್ಚಿ ಆಲಿವ್ ಎಣ್ಣೆ ಸುರಿದ ಬಿಸಿ ಬ್ರೆಡ್ ಸಿಗುತ್ತದೆ, ಸಸ್ಯಾಹಾರಿಗಳಿಗೂ ತೊಂದರೆ ಇಲ್ಲ. ಅಜ್ಜಂದಿರು ಇಸ್ಪೀಟು ಆಡುತ್ತಾ ಕೂತಿರುತ್ತಾರೆ. ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಅಂತ ವಿಚಾರಿಸಿದ ಮೇಲೆಯೇ ಬಿಡುವುದು. ಅವರ ಮಕ್ಕಳು ಎಲ್ಲಿ ಅಂತ ನಾನು ಕೇಳಿದರೆ ಮ್ಯಾಡ್ರಿಡ್, ಬಾರ್ಸಿಲೋನಾ, ಬಿಲ್ಬಾವೊ ಅನ್ನುತ್ತಾರೆ. 1950ರಿಂದ 70ರ ದಶಕದ ನಡುವೆ ಈ ಸೀಮೆಯಿಂದ ಲಕ್ಷಗಟ್ಟಲೆ ಜನ ಕೆಲಸ ಹುಡುಕಿ ಹೋದರು, ಜರ್ಮನಿಗೂ ಹೋದರು. 2019ರ ಮಾರ್ಚ್ 31ರಂದು ಇಂಥ ಸೀಮೆಗಳ ಜನ ಮ್ಯಾಡ್ರಿಡ್‌ನ ಬೀದಿಗಿಳಿದರು. ತಮ್ಮನ್ನು 'ಖಾಲಿ ಸ್ಪೇನ್' ಅಂತ ಕರೆಯುವುದು ಸಾಲದು, 'ಖಾಲಿ ಮಾಡಿಸಿದ ಸ್ಪೇನ್' ಅನ್ನಿ ಅನ್ನುವುದು ಅವರ ಮಾತು. ನನಗೆ ಅದು ಸರಿ ಅನ್ನಿಸುತ್ತದೆ. ನಾನು ಇಷ್ಟಪಟ್ಟು ಹುಡುಕಿಕೊಂಡು ಹೋಗುವ ಆ ಮೌನ ಯಾರೋ ಮನೆಗೆ ಬೀಗ ಹಾಕಿ ಹೋಗಿದ್ದರಿಂದಲೂ ಬಂದದ್ದು.

ಕಳೆದ ಸಲ ಹೋದಾಗ, ನಾನು ಯಾವಾಗಲೂ ಕಾಫಿ ಕುಡಿಯುತ್ತಿದ್ದ ಬಾರ್‌ನ ಷಟರ್ ಎಳೆದಿತ್ತು. 'ನಡೆಸುವವರಿಗೆ ಕೊಡಲಾಗುವುದು' ಅಂತ ಬೋರ್ಡು, ಕೆಳಗೆ ಒಂದು ಫೋನ್ ನಂಬರು. ಬಿಸಿಲಿಗೆ ಕೊನೆಯ ಅಂಕಿಗಳು ಮಾಸಿಹೋಗಿದ್ದವು. ಹೊರಗೆ ಎರಡು ಕುರ್ಚಿಗಳನ್ನು ಸರಪಳಿ ಹಾಕಿ ಕಟ್ಟಿದ್ದರು. ಪಕ್ಕದ ನಲ್ಲಿಯ ಮೇಲೆ 'ಕುಡಿಯಲು ಯೋಗ್ಯವಲ್ಲ' ಅಂತ ಬರೆದಿತ್ತು. ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ಎರಡು ಸಲ ತುಳಿದೆ, ಒಂದು ಬಾಗಿಲೂ ತೆರೆದಿರಲಿಲ್ಲ. ಮುಂದಿನ ಊರು 17 ಕಿಲೋಮೀಟರು. ಬಾಟಲಿಯಲ್ಲಿ ಅರ್ಧ ನೀರಿತ್ತು. ಚಿಕ್ಕಮ್ಮ, ಅವತ್ತು ನನಗೆ ಹೆದರಿಕೆ ಆಯಿತು.